ಬಿದಿಗೆಗೆ ಬರುವ ಕಡಲು

ಬೆಳಗಿನ ಆರೂವರೆ. ಫಲ್ಗುಣಿ ಹೊಳೆ ಇಳಿದು ಇಳಿದು ತನ್ನ ತಳದ ಕೆಸರನ್ನೇ ತೆರೆದಿಟ್ಟಿದೆ. ಕೂಳೂರು ಸೇತುವೆಯ ಮೇಲೆ ಲಾರಿಗಳ ಗುಡುಗು ಆಗಲೇ ಶುರುವಾಗಿದೆ. ಸೇತುವೆಯಿಂದ ಒಂದು ಮೈಲಿ ಒಳಗೆ, ಬೊಳ್ಳಬೈಲಿನ ತೋಡು ಹೊಳೆಗೆ ಸೇರುವ ಬಾಯಿಯಲ್ಲಿ, ಐವತ್ತೆಂಟರ ಸ್ನೇಹಲತಾ ಸೆರಗನ್ನು ಸೊಂಟಕ್ಕೆ ಬಿಗಿದು ಮೊಣಕಾಲುದ್ದದ ಕೆಸರಿನಲ್ಲಿ ನಿಂತಿದ್ದಾರೆ. ಎದುರಿಗೆ ಮೂರು ಕಿಂಡಿಗಳ ಹಳೆಯ ಕಟ್ಟ, ಉಪ್ಪುನೀರು ತಡೆಯುವ ಒಡ್ಡು. ನಡುಗಿಂಡಿಯ ಹಲಗೆಗಳನ್ನು ಅವರು ಒಂದೊಂದಾಗಿ ಮೇಲೆತ್ತುತ್ತಾರೆ. ರಾತ್ರಿಯಿಡೀ ಒಳಗೆ ತುಂಬಿದ ತೋಡಿನ ಸಿಹಿನೀರು ಹೊಳೆಗೆ ಧುಮುಕುತ್ತದೆ.

ಆಕಾಶದಲ್ಲಿ ಚಂದ್ರನ ಸುಳಿವಿಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಬರುವ ತುಳುವರ ಮಾಯಿ ತಿಂಗಳ ಅಮಾವಾಸ್ಯೆ ಮೊನ್ನೆಯಷ್ಟೇ ಕಳೆದಿದೆ, ಇಂದು ಬಿದಿಗೆ. ಚಂದ್ರ ಹುಟ್ಟುವುದು ಸೂರ್ಯನ ಬೆನ್ನಿಗೆ, ಬಿಸಿಲೊಳಗೆ, ಯಾರ ಕಣ್ಣಿಗೂ ಬೀಳದಂತೆ. ಆ ಕಾಣದ ಚಂದ್ರ ಎಷ್ಟು ಹೊತ್ತಿಗೆ ಹೊಳೆಯನ್ನು ಎತ್ತುತ್ತಾನೆ, ಎಷ್ಟು ಹೊತ್ತಿಗೆ ಇಳಿಸುತ್ತಾನೆ ಎಂಬುದು ಕೆಸರಲ್ಲಿ ನಿಂತ ಈ ಹೆಂಗಸಿಗೆ ಗೊತ್ತು.

ಬುಡದಿಂದ ಆರನೆಯ ಹಲಗೆ ಮೇಲೆ ಬರುವಾಗ ಅವರ ಕೈ ನಿಲ್ಲುತ್ತದೆ. ಹಲಗೆಯ ಮೈಮೇಲೆ ಉದ್ದಕ್ಕೆ ಒಂದು ಸೀಳು. ಹೆಬ್ಬೆರಳಿಟ್ಟು ಒತ್ತಿದರೆ ಬೆರಳೇ ಆಚೆ ಕಾಣುತ್ತದೆ.

"ಇವತ್ತೇ ಆಗ್ಬೇಕಿತ್ತಾ ನಿಂಗೆ?" ಎಂದು ಹಲಗೆಗೇ ಗದರುತ್ತಾರೆ. ಬದಲಿಗೆಂದು ಇಟ್ಟುಕೊಂಡಿದ್ದ ಹಲಗೆ ಕಳೆದ ಹುಣ್ಣಿಮೆಗೇ ಖರ್ಚಾಗಿದೆ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹೊಳೆ ಆಳುದ್ದ ಏರಿ ಬರಲಿದೆ, ಬರುವುದೂ ಉಪ್ಪುನೀರು. ಕಟ್ಟದ ಒಳಗೆ ಹನ್ನೊಂದು ಎಕರೆ ಬೇಸಗೆ ಭತ್ತದ ಕೊಳಕೆ ಬೆಳೆ, ನೆಟ್ಟು ಇಪ್ಪತ್ತು ದಿನವೂ ಆಗದ ನೇಜಿಯ ಸಸಿ, ನಲವತ್ತಮೂರು ಬಾವಿ. ಎಲ್ಲಕ್ಕಿಂತ ಹತ್ತಿರದ್ದು ಅರುವತ್ತು ಹೆಜ್ಜೆ ದೂರದ, ನೆರೆಯವನಾದ ಲಯನೆಲ್ ಮನೆಯ ಬಾವಿ. ಸ್ನೇಹಲತಾ ಮೊದಲು ತಿರುಗಿ ನೋಡುವುದು ಅದರ ಕಡೆಗೆ.

ಡಿಸೆಂಬರಿನಲ್ಲಿ ಹೊಳೆಯ ಸಿಹಿನೀರು ಸೊರಗಿ ಕಡಲು ಒಳನುಗ್ಗಲು ತೊಡಗಿದಾಗ ಅವರ ಕೆಲಸ ಆರಂಭ. ಮೇ ಕೊನೆಗೆ ಮಳೆ ಹಿಡಿದರೆ ಮುಕ್ತಾಯ. ಬದಿಯ ಎರಡು ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ಮೆಟ್ಟಿ ಮುಚ್ಚಿಬಿಡುತ್ತಾರೆ. ನಡುಗಿಂಡಿಯ ಒಂಬತ್ತು ಹಲಗೆಗಳನ್ನು ಮಾತ್ರ ಪ್ರತಿದಿನವೂ ಇಳಿತದ ಹೊತ್ತಿಗೆ ಎತ್ತಬೇಕು, ಉಬ್ಬರದ ಮೊದಲು ಇಳಿಸಬೇಕು. ನೆನೆದ ಹಲಗೆಯೊಂದು ಹದಿನಾಲ್ಕು ಕಿಲೋ ತೂಗುತ್ತದೆ. ಅವರ ಹೆಸರು ಯಾವ ಕಚೇರಿಯ ಹಾಜರಿಯಲ್ಲೂ ಇಲ್ಲ. ಬೈಲಿನವರ ಬಾಯಲ್ಲಿ ಅವರು 'ಕಟ್ಟದಕ್ಕ'. ಮದುವೆಯ ಕರೆಯೋಲೆಯಲ್ಲೂ ಕೆಲವರು ಹಾಗೆಯೇ ಬರೆಯುತ್ತಾರೆ.

ಇಳಿತ, ಉಬ್ಬರಗಳ ಹೊತ್ತು ತಿಳಿಯುವುದು ಹೇಗೆ? ಅವರು ಕೊಡುವ ಲೆಕ್ಕ ಬೆರಳ ಮೇಲಿನದು. ಅಮಾವಾಸ್ಯೆಗೂ ಹುಣ್ಣಿಮೆಗೂ ಈ ಕಟ್ಟದ ಬುಡದಲ್ಲಿ ನೀರು ತುಂಬುವುದು ಹನ್ನೊಂದೂವರೆಗೆ. ಅಲ್ಲಿಂದ ಮುಂದೆ ತಿಥಿಗೆ ಎರಡು ಗಳಿಗೆ ತಡ. ಗಳಿಗೆಯೆಂದರೆ ಇಪ್ಪತ್ತನಾಲ್ಕು ನಿಮಿಷ. ಚಂದ್ರ ದಿನದಿನಕ್ಕೆ ತಡವಾಗಿ ಮೂಡುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆಕಾಶದಲ್ಲಿ ಅವನು ಹಿಂದೆ ಬಿದ್ದಷ್ಟೇ ಇಲ್ಲಿ ಕೆಸರಿನಲ್ಲಿ ನೀರೂ ಹಿಂದೆ ಬೀಳುತ್ತದೆ. ಯಾರೋ ದಿನವನ್ನು ಅರುವತ್ತು ಗಳಿಗೆಯಾಗಿ ಕಡಿದಿಟ್ಟದ್ದು ಈ ಕಿಂಡಿಗೆ ಹಲಗೆ ಹೊಂದಿಸುವುದಕ್ಕೇ ಇರಬೇಕು ಎಂದು ಬೆರಗಾಗುವಷ್ಟು ಆ ಲೆಕ್ಕ ಕೂಡಿಬರುತ್ತದೆ.

ಅವರೇನೂ ಕಡಲಿನ ಮಗಳಲ್ಲ. ತವರು ವಾಮಂಜೂರು. ಅಲ್ಲಿಯ ಗದ್ದೆಗೆ ಉಪ್ಪಿನ ಪರಿಚಯವಿಲ್ಲ. ಚಂದ್ರ ಅಲ್ಲಿ ಉಪವಾಸಕ್ಕೆ, ಹಬ್ಬಕ್ಕೆ, ಅಂಗಳದಲ್ಲಿ ಊಟಕ್ಕೆ. ಮದುವೆಯಾಗಿ ಬಂದಾಗ ಕಟ್ಟ ನೋಡಿಕೊಳ್ಳುತ್ತಿದ್ದವರು ಮಾವ ಶೀನಪ್ಪ. ಮನೆತನದ ಗದ್ದೆ ಹೆಚ್ಚಿನದು ಕೈಬಿಟ್ಟುಹೋಗಿದ್ದರೂ ಕಟ್ಟದ ಹೊಣೆಯನ್ನು ಅವರು ಬಿಟ್ಟಿರಲಿಲ್ಲ. ಗಂಡನಿಗೆ ಹಂಪನಕಟ್ಟೆಯ ಹೋಟೆಲಿನಲ್ಲಿ ಬೆಳಗಿನ ಐದಕ್ಕೇ ಕೆಲಸ.

ಮೂವತ್ತೊಂದು ವರ್ಷಗಳ ಹಿಂದಿನ ಒಂದು ಮಾಯಿ ತಿಂಗಳಲ್ಲಿ ಶೀನಪ್ಪ ಜಾರಿಬಿದ್ದು ತೊಡೆಯೆಲುಬು ಮುರಿದುಕೊಂಡರು. ಆಸ್ಪತ್ರೆಯ ಮಂಚದಿಂದ ಸೊಸೆಗೆ ಅವರು ಹೇಳಿಕಳಿಸಿದ್ದು ಒಂದೇ ಮಾತು: "ಹುಣ್ಣಿಮೆಗೆ ಜಾಗ್ರತೆ." ಸೊಸೆ ಹುಣ್ಣಿಮೆಯ ದಿನ ಕಟ್ಟದ ಮೇಲೆಯೇ ಕುಳಿತಳು. ನೀರು ಬಂದಿತು, ಹಲಗೆಯ ತಲೆಗಿಂತ ಒಂದು ಗೇಣು ಕೆಳಗೆ ನಿಂತು ತಿರುಗಿಹೋಯಿತು. ಇಷ್ಟೇ ತಾನೇ ಎಂದುಕೊಂಡಳು. ಹುಣ್ಣಿಮೆ ಕಳೆದು ಎರಡನೆಯ ದಿನ ಬೆಳಿಗ್ಗೆ ಹಲಗೆ ಎತ್ತಿ ಒಳಗಿನ ನೀರು ಬಿಟ್ಟು, ಇಳಿಸುವಾಗ ಒಂಬತ್ತರಲ್ಲಿ ಆರನ್ನಷ್ಟೇ ಇಳಿಸಿ, ಕೊಡಿಯಾಲ್‌ಬೈಲಿನಲ್ಲಿ ನಂಟರ ಮದುವೆಗೆ ಬಸ್ಸು ಹತ್ತಿದಳು.

"ಹುಣ್ಣಿಮೆ ಮುಗೀತಲ್ಲ, ಇನ್ನೆಂತ ಅಂತ," ಎನ್ನುತ್ತಾರೆ ಸ್ನೇಹಲತಾ. "ಹೋಳಿಗೆ ಊಟ ಮಾಡಿ ಮೂರು ಗಂಟೆಗೆ ಬಂದೆ. ಬೈಲಿಡೀ ಪಳಪಳ ಹೊಳೀತಿತ್ತು. ಎಷ್ಟು ಚಂದ ಅಂತ ಕಂಡಿತು ಮೊದಲು. ಮತ್ತೆ ಗೊತ್ತಾಯ್ತು."

ನೇಜಿ ಮೂರು ದಿನದಲ್ಲಿ ಕೆಂಪಾಯಿತು. ಲಯನೆಲ್ ಮನೆಯ ಬಾವಿ ಉಪ್ಪಾಯಿತು. ಅವನ ತಾಯಿ ಮಳೆಗಾಲ ಬರುವ ತನಕ, ಮೂರು ತಿಂಗಳ ಕಾಲ, ಹೆದ್ದಾರಿಯ ಆಚೆಯಿಂದ ಕೊಡಹೊತ್ತು ನೀರು ತಂದರು. ದಿನಕ್ಕೆ ಎಂಟು ಕೊಡ. ಸ್ನೇಹಲತಾ ಮನೆಯ ಅಂಗಳದ ಎದುರಿನಿಂದಲೇ ದಾರಿ. ಆ ತಾಯಿ ಒಂದು ದಿನವೂ ಒಂದು ಬಿರುಸು ಮಾತು ಆಡಲಿಲ್ಲ.

"ಬೈದಿದ್ರೆ ಮುಗೀತಿತ್ತು. ಬೈಲಿಲ್ಲ ಮಾರಾಯ್ರೆ. ನಾನು ಕೊಡ ಹಿಡೀಲಿಕ್ಕೆ ಹೋದ್ರೆ, ಬೇಡ ಮಗಳೇ, ನಿನಗೆ ಮಗು ಉಂಟಲ್ಲ ಅಂತಿದ್ರು."

ಆಸ್ಪತ್ರೆಯಿಂದ ಬಂದ ಶೀನಪ್ಪ ಸುದ್ದಿ ಕೇಳಿ ತಲೆಯ ಮೇಲೆ ಕೈಹೊತ್ತರು; ಸೊಸೆಯ ಮೇಲೆ ಸಿಟ್ಟಿನಿಂದಲ್ಲ. ಬಿದಿಗೆಯ ಸಂಗತಿ ಹೇಳಲೇ ಇಲ್ಲವಲ್ಲ ಎಂದು. ಎಷ್ಟೋ ತಲೆಮಾರಿಗೆ ಗೊತ್ತಿದ್ದ ಮಾತು. ಗೊತ್ತಿಲ್ಲದವರೂ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಆ ಸಂಜೆ ಜಗಲಿಯಲ್ಲಿ ಅವರು ಸೊಸೆಗೆ ಹೇಳಿದ ಕತೆ, ಅವರು ತಮ್ಮ ಸೋದರಮಾವನಿಂದ ಕೇಳಿದ್ದು, ಈಗ ಸ್ನೇಹಲತಾ ಹೇಳುವ ಪ್ರಕಾರ ಹೀಗಿದೆ:

ಕಡಲು ಮಾವ, ಚಂದ್ರ ಅಳಿಯ. ಅಳಿಯಕಟ್ಟಿನ ಮನೆ, ಆಸ್ತಿ ಮಗನಿಗಲ್ಲ, ಅಕ್ಕತಂಗಿಯ ಮಗನಾದ ಅಳಿಯನಿಗೇ ಸೇರಬೇಕು. ತಿಂಗಳಿಗೆ ಎರಡು ಸಲ ಅಳಿಯ ಮಾವನ ಬಾಗಿಲಿಗೆ ಬರುತ್ತಾನೆ. ಒಮ್ಮೆ ಬೆಳ್ಳಗೆ ಬಟ್ಟೆ ತೊಟ್ಟು, ಊರಿಗೆಲ್ಲ ಕಾಣುವಂತೆ. ಇನ್ನೊಮ್ಮೆ ಕಂಬಳಿ ಹೊದ್ದು, ಯಾರಿಗೂ ಕಾಣದಂತೆ. "ಮಾವಾ, ನನ್ನ ಪಾಲು ಎಲ್ಲಿ?" ಎಂದು ಕರೆಯುತ್ತಾನೆ. ಮಾವನಿಗೆ ಕೊಡುವ ಮನಸ್ಸಿದೆ. ಆದರೆ ದೊಡ್ಡ ದೇಹ, ಭಾರದ ಮೈ. ಕರೆದದ್ದು ಕೇಳಿ, ಎದ್ದು, ಮುಂಡು ಸುತ್ತಿ, ಎಲೆಯಡಿಕೆ ಬಾಯಿಗೆ ಹಾಕಿ ಹೊರಡುವಾಗ ಎರಡು ದಿನ ಕಳೆದಿರುತ್ತದೆ. ಅಳಿಯ ಅಷ್ಟರಲ್ಲಿ ನಡೆದುಬಿಟ್ಟಿರುತ್ತಾನೆ. ಅವನನ್ನು ಹುಡುಕಿಕೊಂಡು ಮಾವ ಹೊಳೆ ತೋಡುಗಳ ಒಳಗೆಲ್ಲ ಬರುತ್ತಾನೆ. ಹುಣ್ಣಿಮೆಗೆ ಚಂದ್ರ ಕರೆಯುತ್ತಾನೆ. ಬಿದಿಗೆಗೆ ಕಡಲು ಬರುತ್ತದೆ.

"ಅದಕ್ಕೇ ನಮ್ಮ ಮಾವ ಹೇಳಿದ್ದು, ಕರೆದ ದಿನ ಕಾಯ್ಬೇಡ, ಬರುವ ದಿನ ಕಾಯಿ ಅಂತ."

ಆ ವರ್ಷದಿಂದ ಇಂದಿನವರೆಗೆ ಮುನ್ನೂರೆಪ್ಪತ್ತಕ್ಕೂ ಹೆಚ್ಚು ಬಿದಿಗೆಗಳನ್ನು ಅವರು ಕಾದಿದ್ದಾರೆ. ಬಿದಿಗೆಯ ದಿನ ಯಾವ ಮದುವೆಯ ಊಟಕ್ಕೂ ನಿಂತಿಲ್ಲ. ಸ್ವಂತ ತಮ್ಮನ ಮದುವೆಯಲ್ಲಿ ತಾಳಿ ಕಟ್ಟುವುದನ್ನಷ್ಟೇ ನೋಡಿ ಆಟೋ ಹಿಡಿದಿದ್ದರು.

ಗಂಟೆ ಹತ್ತು. ಸೀಳಿದ ಹಲಗೆಯ ಸುದ್ದಿ ಕೇಳಿ ಲಯನೆಲ್ ಬಂದಿದ್ದಾನೆ. ಐವತ್ತರ ಹತ್ತಿರದವನು, ಬಡಗಿ ಕೆಲಸ ಗೊತ್ತಿರುವವನು.

"ಪ್ಲೈವುಡ್ ಉಂಟು ಅಕ್ಕ, ತರ್ಲಾ?"

"ತಾ. ಎರಡು ಗಳಿಗೆಯಲ್ಲಿ ಬಿಸ್ಕಿಟ್ ಆಗ್ತದೆ, ಚಾಯಕ್ಕೆ ಅದ್ದಿ ತಿನ್ನುವ."

"ಹೆದರ್ಬೇಡಿ. ಮೊಬೈಲಲ್ಲಿ ನೀರಿನ ಭರತ ಹನ್ನೆರಡು ನಲವತ್ತೆರಡಕ್ಕೆ ಅಂತ ತೋರಿಸ್ತದೆ. ಬೇಕಾದಷ್ಟು ಟೈಮ್ ಉಂಟು."

"ನಿನ್ನ ಮೊಬೈಲಿಗೆ ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲು ಮಾತ್ರ ಗೊತ್ತು ಮಾರಾಯ. ಅಲ್ಲಿಂದ ಇಲ್ಲಿಗೆ ಬರ್ಲಿಕ್ಕೆ ಒಂದು ಗಳಿಗೆ. ಒಂದು ಗಂಟೆ ಆರು ನಿಮಿಷ. ಟೈಮ್ ಉಂಟು, ಹಲಗೆ ಇಲ್ಲ."

ಲಯನೆಲ್ ಮನೆಗೆ ಹೋಗುತ್ತಾನೆ. ಗರಗಸದ ಸದ್ದು ಕೇಳಿಸುತ್ತದೆ. ತಿರುಗಿ ಬರುವಾಗ ಹೆಗಲ ಮೇಲೆ ಕಪ್ಪುಗಟ್ಟಿದ ಕಿರಾಲುಬೋಗಿ ಮರದ ದಪ್ಪ ಹಲಗೆ. ಅದರ ಮೈಮೇಲೆ ಮೂರು ದುಂಡನೆಯ ತಗ್ಗು. ಅದನ್ನು ನೋಡಿದ್ದೇ ಸ್ನೇಹಲತಾ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಇದು ನಿನ್ನ ಅಮ್ಮ ಕೊಡ ಇಡ್ತಿದ್ದ ಹಲಗೆ ಅಲ್ವಾ?"

"ಹೌದು. ಈಗ ಕೊಡ ಯಾರು ಇಡ್ತಾರೆ?"

"ನಿನಗೆ ಮಂಡೆ ಸರಿ ಉಂಟಾ? ಕೊಯ್ದುಬಿಟ್ಟಿಯಲ್ಲ! ಅವರು ಇದ್ದಿದ್ರೆ..."

"ಅವಳು ಇದ್ದಿದ್ರೆ ಅವಳೇ ಹೊತ್ಕೊಂಡು ಬರ್ತಿದ್ಳು. ಸುಮ್ಮನೆ ಹಿಡೀರಿ ಆಚೆ ತುದಿ."

ಕೆಳಗಿನ ಐದರ ಮೇಲೆ ಹಲಗೆ, ಕಿಂಡಿಯ ಬದಿಯಲ್ಲಿ ಕೊರೆದ ಗಾಡಿಗೆ, ಬಿಗಿಯಾಗಿ ಇಳಿಯುತ್ತದೆ. ಅದರ ಮೇಲೆ ಏಳನೆಯದು, ಎಂಟನೆಯದು, ಒಂಬತ್ತನೆಯದು. ಸಂದುಗಳಿಗೆ ಸ್ನೇಹಲತಾ ಅಂಗೈಯಿಂದಲೇ ಜೇಡಿಮಣ್ಣು ಮೆತ್ತುತ್ತಾರೆ. ಹನ್ನೊಂದಕ್ಕೆ ಹೊಳೆಯ ಕೆಸರು ಮುಳುಗುತ್ತದೆ. ಹನ್ನೆರಡಕ್ಕೆ ನಾಲ್ಕನೆಯ ಹಲಗೆ, ಸ್ವಲ್ಪ ಹೊತ್ತಿಗೆ ಆರನೆಯದು. ಮೂರು ತಗ್ಗುಗಳಲ್ಲಿ ಮೊದಲ ಬಾರಿ ಉಪ್ಪುನೀರು ತುಂಬಿಕೊಳ್ಳುತ್ತದೆ.

ಕಾಯುವ ಹೊತ್ತಿನಲ್ಲಿ ಒಂದೇ ಆಸೆ ಹೇಳಿಕೊಳ್ಳುತ್ತಾರೆ. "ನನ್ನ ಹೆಸರು ಎಲ್ಲೂ ಬೇಡ. ಈ ಕಟ್ಟದ ಗೋಡೆಯಲ್ಲಿ ದೊಡ್ಡದಾಗಿ 'ಬಿದಿಗೆ' ಅಂತ ಪೇಂಟ್ ಮಾಡಿಸ್ಬೇಕು. ನನ್ನ ನಂತರ ಯಾರು ಬರ್ತಾರೆ ಗೊತ್ತಿಲ್ಲ. ಬಂದವರಿಗೆ ಹೇಳ್ಲಿಕ್ಕೆ ನಾನೂ ಮರೆತುಬಿಟ್ರೆ?"

ಒಂದು ಗಂಟೆ ದಾಟಿದೆ. ಗಾಳಿಯಿಲ್ಲ, ಸದ್ದಿಲ್ಲ. ಇಡೀ ಹೊಳೆ ಬೆನ್ನುಬ್ಬಿಸಿ ಒಂಬತ್ತನೆಯ ಹಲಗೆಯ ತಲೆಗೆ ಎರಡು ಬೆರಳು ಕೆಳಗೆ ನಿಂತಿದೆ. ಹೊರಗೆ ಕಡಲು, ಒಳಗೆ ಎಳೆಹಸಿರು. ನಡುವೆ ಒಂದು ಗೇಣು ದಪ್ಪವೂ ಇಲ್ಲದ ಮರ. ಹಲಗೆಯ ಅಂಚಿನಲ್ಲಿ ತೇಲುತ್ತಿದ್ದ ತೆಂಗಿನ ಸಿಪ್ಪೆಯ ಮೇಲೆ ಸ್ನೇಹಲತಾ ಕಣ್ಣಿಟ್ಟಿದ್ದಾರೆ. ಅದು ಅಲ್ಲಾಡುವುದಿಲ್ಲ. ಅಲ್ಲಾಡುವುದಿಲ್ಲ. ಆಮೇಲೆ, ಯಾರೋ ಬೆರಳಿನಿಂದ ತಳ್ಳಿದಂತೆ, ಮೆಲ್ಲನೆ ಅಳಿವೆಯ ಕಡೆಗೆ ಮುಖ ತಿರುಗಿಸುತ್ತದೆ.

ಲಯನೆಲ್ ಮೊಬೈಲು ನೋಡುತ್ತಾನೆ. "ಒಂದು ಎಂಟು. ಎರಡು ನಿಮಿಷ ಲೇಟ್ ಅಕ್ಕ ನಿಮ್ಮ ಚಂದ್ರ."

"ಎಲೆಯಡಿಕೆ ಹಾಕ್ತಿದ್ದಿರ್ಬೇಕು ಮಾವ."

ಕೈಕಾಲು ತೊಳೆಯದೆಯೇ ಅವರು ಅರುವತ್ತು ಹೆಜ್ಜೆ ನಡೆಯುತ್ತಾರೆ. ಮೂವತ್ತೊಂದು ವರ್ಷಗಳಿಂದ ಪ್ರತಿ ಬಿದಿಗೆಗೆ ಇದೊಂದು ತಪ್ಪಿಲ್ಲ. ಲಯನೆಲ್ ಮನೆಯ ಬಾವಿಗೆ ಕೊಡಪಾನ ಇಳಿಸಿ, ಸೇದಿ, ಒಂದು ಬೊಗಸೆ ಬಾಯಿಗೆ ಹಾಕಿ ನುಂಗದೆ ಕಣ್ಣುಮುಚ್ಚಿ ನಿಲ್ಲುತ್ತಾರೆ. ನಾಲಗೆ ಹುಡುಕುತ್ತದೆ. ಲಯನೆಲ್ ತಮಾಷೆ ಬಿಟ್ಟು ಕಾಯುತ್ತಾನೆ.

ನುಂಗಿ, ಸೆರಗಿನ ತುದಿಯಿಂದ ಬಾಯೊರೆಸಿಕೊಂಡು, ಅವರು ಕೊಡಪಾನವನ್ನು ಅವನತ್ತ ಚಾಚುತ್ತಾರೆ.

"ಸಪ್ಪೆ," ಎನ್ನುತ್ತಾರೆ ಕಟ್ಟದಕ್ಕ. "ಎಂತ ರುಚಿಯೂ ಇಲ್ಲ ನೋಡು."