ಅವ್ವ ಕೇಳಿದ ಉತ್ತರ

“ವಿಮಾನದಾಗ ಮಕ್ಕೊಂಡ್ರ ತಲಿ ಯಾವ ದಿಕ್ಕಿಗೆ ಬರ್ತೈತಿ?”

ಅವ್ವ ಹೀಗೆ ಕೇಳಿದಾಗ ನಾನು ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮೊಬೈಲಿನಿಂದ ಟಿಪ್ಸ್ ಓದಿ ಹೇಳುತ್ತಿದ್ದೆ. ದೂರದ ವಿಮಾನ ಪ್ರಯಾಣದ ಟಿಪ್ಸ್. ಅದೂ ಚೀನಾಕ್ಕೆ. ಅದೂ ಬಿಸಿನೆಸ್ ಕ್ಲಾಸಿನಲ್ಲಿ!

ಹೋಗುವವನು ನಾನಲ್ಲ ಬಿಡಿ. (ಅಂಕಣ ಬರೆಯುವವರಿಗೆ ಅಂಥ ಕಾಲ ಇನ್ನೂ ಬಂದಿಲ್ಲ.) ಹೊರಟಿದ್ದವರು ನಮ್ಮ ಶಾರದಾ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ.

ವೈನಿ ಇಳಕಲ್ ಸೀರೆ ನೇಯುತ್ತಾರೆ. ಊರಿನ ಅರ್ಧ ಜನ ಪವರ್‌ಲೂಮಿಗೆ ಹೋದರೂ ಅವರು ಕುಣಿ ಮಗ್ಗ ಬಿಟ್ಟಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಎದ್ದು ಬರುವುದು ಊಟಕ್ಕೇ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸುತ್ತಾರಲ್ಲ, ಆ ಕೊಂಡಿ ಹಾಕುವ ಕೆಲಸದಲ್ಲಿ ಅವರ ಕೈ ಭಾರಿ ಚುರುಕು. ಅದನ್ನು ನೋಡಿಹೋದ ಮುಂಬೈಯ ಒಂದು ಕೈಮಗ್ಗದ ಸಂಸ್ಥೆಯವರು, ಚೀನಾದ ಹಾಂಗ್‌ಝೌ ಊರಿನ ರೇಷ್ಮೆ ಪ್ರದರ್ಶನದಲ್ಲಿ ಕೂತು ಮಾಡಿ ತೋರಿಸುತ್ತೀರಾ ಎಂದು ಕರೆದಿದ್ದರು.

ವೈನಿಗೆ ಸೊಂಟನೋವು. ಬಹಳ ಹೊತ್ತು ಕುರ್ಚಿಯಲ್ಲಿ ಕೂಡಬಾರದು ಎಂದು ಬಾಗಲಕೋಟೆಯ ಡಾಕ್ಟರು ಬರೆದುಕೊಟ್ಟಿದ್ದರು. ಆ ಚೀಟಿ ಕಳಿಸಿದ್ದೇ ತಡ, ಸಂಸ್ಥೆಯವರು ಸೀಟೇ ಹಾಸಿಗೆಯಾಗುವ ಟಿಕೆಟ್ ಮಾಡಿಸಿಬಿಟ್ಟರು. ಸೊಂಟನೋವಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಇದೇ ಮೊದಲು ನೋಡಿದ್ದು.

ಬಿಸಿನೆಸ್ ಕ್ಲಾಸ್ ಎಂದ ಕೂಡಲೇ ಬಾದಾಮಿಯಲ್ಲಿರುವ ಚಿಕ್ಕವ್ವ ಫೋನ್ ಮಾಡಿ, ಇಷ್ಟು ವಯಸ್ಸಾದ ಮೇಲೆ ಶಾರದಾ ಕ್ಲಾಸಿಗೆ ಹೋಗಿ ಬಿಸಿನೆಸ್ ಕಲಿಯುವುದೇನಿದೆ, ಮನೆಯಲ್ಲೇ ಕಲಿಸುವವರು ಯಾರೂ ಇಲ್ಲವೇ ಎಂದು ಕೇಳಿದ್ದಳು. ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಅಣ್ಣನ ಫೋನಿನ ಚಾರ್ಜೇ ಮುಗಿಯಿತು.

ಹಾಗಾಗಿ ಮನೆಯಲ್ಲಿ ಒಬ್ಬ ತಜ್ಞ ಬೇಕಾಗಿತ್ತು. ನನ್ನನ್ನು ಬಾಗಲಕೋಟೆಯಿಂದ ಕರೆಸಿದರು. ಯಾಕೆಂದರೆ ನಾನು ಒಮ್ಮೆ ಚೀನಾಕ್ಕೆ ಹೋಗಿಬಂದವನು, ವಿಮಾನದ ತೀರಾ ಹಿಂದಿನ ಸಾಲಿನಲ್ಲಿ, ಟಾಯ್ಲೆಟ್ಟಿನ ಪಕ್ಕ. ಬಿಸಿನೆಸ್ ಕ್ಲಾಸಿನ ನನ್ನ ಅನುಭವವೆಂದರೆ ನನ್ನ ಸೀಟಿಗೆ ಹೋಗುವಾಗ ಅದರ ನಡುವೆ ಹಾದುಹೋದದ್ದು. ಆಗಲೇ ಕಾಲು ಚಾಚಿ ಜ್ಯೂಸ್ ಕುಡಿಯುತ್ತಿದ್ದವರನ್ನು ಕಂಡು ಹೊಟ್ಟೆ ಉರಿಸಿಕೊಂಡದ್ದು. ಅಷ್ಟು ಸಾಲದೇ?

ಭಾನುವಾರ ಮಧ್ಯಾಹ್ನ ಪಾಠ ಶುರುವಾಯಿತು. ನೀರು ಹೆಚ್ಚು ಕುಡಿಯಬೇಕು, ಚಹಾ ಕಡಿಮೆ ಮಾಡಬೇಕು ಎಂದೆ. ವೈನಿಯ ಮುಖ ಸಣ್ಣದಾಯಿತು. ಸಸ್ಯಾಹಾರ ಬೇಕೆಂದು ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ತಟ್ಟೆಯಲ್ಲಿ ಏನು ಬರುತ್ತದೋ ಆ ದೇವರೇ ಬಲ್ಲ ಎಂದೆ. ಬುತ್ತಿ ಒಯ್ಯಬಹುದಾ ಎಂದು ಕೇಳಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ಒಯ್ಯಿರಿ, ಆದರೆ ಇಳಿಯುವ ಮೊದಲೇ ಖಾಲಿ ಮಾಡಿ ಎಂದೆ. ಮಲಗುವಾಗ ಹಾಕಿಕೊಳ್ಳಲು ಅವರೇ ಪೈಜಾಮ ಕೊಡುತ್ತಾರಂತೆ ಎಂದು ಓದಿದೆ. ವೈನಿ ನನ್ನನ್ನು ಒಮ್ಮೆ ನೋಡಿದರು. ಆ ಟಿಪ್ ಅಲ್ಲಿಗೇ ಬಿಟ್ಟೆ.

ಆಮೇಲೆ ಅವರು ಮೆಲ್ಲಗೆ ಒಂದು ಮಾತು ಕೇಳಿದರು. ಗುರುತು ಪರಿಚಯ ಇಲ್ಲದ ಗಂಡಸರೆಲ್ಲ ಕೂತಿರುವಾಗ ಅವರ ನಡುವೆ ಕಾಲು ಚಾಚಿ ಮಲಗುವುದು ಹೇಗೆ? ಇಂಟರ್ನೆಟ್ಟಿನ ಅಷ್ಟೂ ಟಿಪ್ಸಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಪ್ರತಿ ಸೀಟಿಗೂ ಎದೆಮಟ್ಟದ ಗೋಡೆಯಂಥದ್ದು ಇರುತ್ತದೆ, ಹೊದ್ದುಕೊಂಡರೆ ಯಾರಿಗೂ ಕಾಣುವುದಿಲ್ಲ ಎಂದು ಫೋಟೋ ತೋರಿಸಿದೆ. ವೈನಿ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿ ಸಮಾಧಾನಪಟ್ಟರು.

ಆಗ ಅವ್ವನ ಪ್ರಶ್ನೆ ಬಂತು. ತಲೆ ಯಾವ ದಿಕ್ಕಿಗೆ?

ನಾನೂ ಅಣ್ಣನೂ ಒಟ್ಟಿಗೇ ನಕ್ಕೆವು. ನಕ್ಕು ಸುಮ್ಮನಾದೆವಾ? ಇಲ್ಲ. ಅಣ್ಣ ಭೂಮಿಯ ಬಗ್ಗೆ, ಮೂವತ್ತಾರು ಸಾವಿರ ಅಡಿ ಎತ್ತರದ ಬಗ್ಗೆ ಭಾಷಣ ಮಾಡಿದ. ಮೋಡದ ಮೇಲೆ ಉತ್ತರ ಯಾವುದು, ದಕ್ಷಿಣ ಯಾವುದು ಎಂದು ನಾನೂ ಸೇರಿಸಿದೆ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬುದು ನಮ್ಮ ಮನೆಯಲ್ಲಿ ಕಾನೂನು. ಹೆಣವನ್ನು ಹಾಗೆ ಮಲಗಿಸುತ್ತಾರೆಂಬ ಕಾರಣಕ್ಕೆ, ಲಾಡ್ಜಿನಲ್ಲಿ ಉಳಿದರೂ ಮಂಚ ತಿರುಗಿಸಿಯೇ ಮಲಗುವ ಜನ ನಾವು. ಅದು ಗೊತ್ತಿದ್ದೂ ನಕ್ಕೆವು. ಅವ್ವ ಸೆರಗು ಸರಿಮಾಡಿಕೊಂಡು ಎದ್ದುಹೋದಳು.

ವೈನಿ ನನಗೆ ಚಹಾ ಕೊಡುವಾಗ ನೆಲ ನೋಡುತ್ತ ಹೇಳಿದರು: “ಅತ್ತಿಯವ್ರ ಮನಸ್ಸಿಗೆ ಬಂದಿಲ್ರಿ. ನಾ ಹೋಗಂಗಿಲ್ಲ ಬಿಡ್ರಿ.”

ಎಲ್ಲ ಸರಿಹೋಗುತ್ತದೆ ಎಂದುಕೊಂಡು ನಾನು ಸಂಜೆಯ ಬಸ್ ಹತ್ತಿದೆ. ಹುನಗುಂದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದ್ದಾಗ ಅಣ್ಣನ ಫೋನು. ವೈನಿ ಮುಂಬೈಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿಯೇಬಿಟ್ಟಿದ್ದಾರೆ. ನಾಳೆಯವರೆಗೆ ಕಾಯುತ್ತೇವೆ, ಮನಸ್ಸು ಬದಲಾಗದಿದ್ದರೆ ಬೇರೆ ಊರಿನವರನ್ನು ಕರೆಯಬೇಕಾಗುತ್ತದೆ ಎಂದು ಅಲ್ಲಿನ ಮೇಡಂ ಹೇಳಿದ್ದಾರೆ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ವೈನಿ ನೇಯ್ದ ಸೀರೆಗಳು ಪುಣೆ, ಸೊಲ್ಲಾಪುರ, ಹೈದರಾಬಾದ್ ಎಲ್ಲ ಸುತ್ತಿವೆ. ಅವರು ಮಾತ್ರ ಹುಬ್ಬಳ್ಳಿ ದಾಟಿದವರಲ್ಲ. ಈಗೊಂದು ಬಾಗಿಲು ತೆರೆದರೆ ಅದಕ್ಕೆ ದಿಕ್ಕಿನ ಅಗುಳಿಯೇ? ಬ್ಯಾಗ್ ಎತ್ತಿಕೊಂಡು ಇಳಿದೆ. ಕಂಡಕ್ಟರು ಟಿಕೆಟ್ ಬಾಗಲಕೋಟೆವರೆಗೂ ಇದೆ ಎಂದು ಕೂಗಿದ. ಗೊತ್ತಿದೆ ಎಂದು ಹೇಳಿ ಇಳಕಲ್ಲಿಗೆ ಹೊರಟಿದ್ದ ಬಸ್ ಹತ್ತಿದೆ.

ಅವ್ವ ಪಡಸಾಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದಳು. ಜಗಳಕ್ಕೆ ನಿಂತವನಂತೆ ಹೋಗಿ ಎದುರಿಗೆ ಕೂತೆ. ನಿನ್ನ ಒಂದು ಮಾತಿನಿಂದ ಎಲ್ಲ ಕೆಟ್ಟುಹೋಯಿತು ನೋಡು ಎಂದೆ.

ಅವ್ವ ತಲೆ ಎತ್ತಲಿಲ್ಲ.

“ನಾ ಬ್ಯಾಡ ಅಂದ್ನೇನು? ದಿಕ್ಕು ಕೇಳೀನಿ. ನೀವಿಬ್ರೂ ನಕ್ಕ್ರಿ. ಖರೆ ಉತ್ತರ ಯಾರ ಹೇಳಿದ್ರಿ?”

ಹೌದಲ್ಲ! ಅವಳು ಹೆದರಿದ್ದು ಒಂದು ಉತ್ತರಕ್ಕೆ. ಕಾಯುತ್ತ ಕೂತದ್ದು ಇನ್ನೊಂದು ಉತ್ತರಕ್ಕೆ. ಓದಿದವರು ಎನಿಸಿಕೊಂಡ ನಾವು ಎರಡೂ ಗೊತ್ತಾಗದೆ ಭಾಷಣ ಬಿಗಿದಿದ್ದೆವು.

ನಾಳೆ ಬಾದಾಮಿಯ ತಂಗಿ ಕೇಳುತ್ತಾಳೆ, ಓಣಿಯ ಹೆಂಗಸರು ಕೇಳುತ್ತಾರೆ, ಅವರಿಗೆ ನಾನೇನು ಹೇಳಲಿ ಎಂಬುದು ಅವ್ವನ ಚಿಂತೆ. ಅದಕ್ಕಿಂತ ಹೆಚ್ಚಾಗಿ, ಸೊಸೆ ಅಷ್ಟು ದೂರ ಹೋಗುವಾಗ ತನ್ನ ಮನಸ್ಸಿನಲ್ಲಿ ಅಳುಕು ಇಟ್ಟುಕೊಂಡು ಕಳಿಸಬಾರದು ಎಂಬುದು.

ಸರಿ, ಲೆಕ್ಕ ಹಾಕೋಣ ಎಂದು ಕೂತೆವು. ಮೊಬೈಲಿನ ನಕಾಶೆ ಅವ್ವನಿಗೆ ಒಗ್ಗಲಿಲ್ಲ. ಅವಳೇ ಎದ್ದುಹೋಗಿ ಮಗ್ಗದ ಮೇಲಿದ್ದ, ನೂಲು ಹಾಯಿಸುವ ಒಂದು ಲಾಳಿ ತಂದಳು. ಲಾಳಿ ವಿಮಾನವಾಯಿತು. ಪಡುವಲದ ತಲೆಬಾಗಿಲು ಮುಂಬೈ. ಮೂಡಲದ ಅಡುಗೆಮನೆ ಹಾಂಗ್‌ಕಾಂಗ್, ವಿಮಾನ ಬದಲಿಸುವ ಊರು. ಕಾಲು ಮುಂದಕ್ಕೆ, ತಲೆ ಹಿಂದಕ್ಕೆ ಎಂದು ನಾನು ಹೇಳಿದೆ. ಅವ್ವ ಲಾಳಿಯನ್ನು ನೆಲದ ಮೇಲೆ ಜಾರಿಸುತ್ತ ಹೋದಳು. ಹೋಗುವಾಗ ತಲೆ ಪಶ್ಚಿಮಕ್ಕೆ ಬಂತು. ನಡೆಯುತ್ತದೆ. ಬರುವಾಗ ಪೂರ್ವಕ್ಕೆ ಬಂತು. ಅವ್ವನ ಮುಖ ಅರಳಿತು.

ಹಾಂಗ್‌ಕಾಂಗಿನಿಂದ ಹಾಂಗ್‌ಝೌ ಉತ್ತರದ ಕಡೆಗಿದೆ. ಹೋಗುವಾಗ ತಲೆ ದಕ್ಷಿಣಕ್ಕೆ, ಬಹಳ ಒಳ್ಳೆಯದು. ತಿರುಗಿ ಬರುವಾಗ ಮಾತ್ರ ತಲೆ ಉತ್ತರಕ್ಕೆ ಬಂದು ಕೆಡುತ್ತದೆ. ಅದು ಸಣ್ಣ ಪ್ರಯಾಣ, ಕೂತೇ ಬರಲಿ ಎಂದು ಅವ್ವ ತೀರ್ಪು ಕೊಟ್ಟಳು.

ವಿಮಾನ ನಡುವೆ ಹೊಳ್ಳಿದರೆ? ಅದಕ್ಕೂ ದಾರಿ ಇತ್ತು. ಸೀಟಿನ ಮುಂದಿನ ಸ್ಕ್ರೀನಿನಲ್ಲಿ ವಿಮಾನ ಎಲ್ಲಿದೆ ಎಂದು ತೋರಿಸುವ ನಕಾಶೆ ಬರುತ್ತದೆ. ವಿಮಾನದ ಮೂತಿ ಕೆಳಗಡೆಗೆ, ಅಂದರೆ ದಕ್ಷಿಣಕ್ಕೆ, ತಿರುಗಿದರೆ ಎದ್ದು ಕೂತರಾಯಿತು. ಇಷ್ಟೇ.

ವೈನಿ ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ, ಅಂದರೆ ಹಾಂಗ್‌ಕಾಂಗಿನಲ್ಲಿ, ನಿಂತು ನೋಡುತ್ತಿದ್ದರು. ಅವ್ವ ಲಾಳಿ ಕೈಯಲ್ಲಿ ಹಿಡಿದೇ ಕೇಳಿದಳು:

“ಶಾರದಾ, ನಿನಗ ಹೋಗೂ ಮನಸ್ಸು ಐತಿಲ್ಲೋ?”

ವೈನಿ ಕಣ್ಣೊರೆಸಿಕೊಂಡರು. “ಭಾಳ ಐತ್ರಿ ಅತ್ತಿ.”

ಇಷ್ಟು ದಿನದ ಗದ್ದಲದಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ, ಅಣ್ಣ ಕೇಳಿರಲಿಲ್ಲ, ಟಿಕೆಟ್ ಕಳಿಸಿದವರೂ ಕೇಳಿರಲಿಲ್ಲ. ಬರುತ್ತೀರಾ ಎಂದು ಕೇಳಿದ್ದರು, ಆಗುತ್ತದಾ ಎಂದು ಕೇಳಿದ್ದರು. ಮನಸ್ಸಿದೆಯಾ ಎಂದು ಕೇಳಿದ್ದು ಅವ್ವ ಒಬ್ಬಳೇ. ನಾನು ತಲೆ ತಗ್ಗಿಸಿ ಒಂದು ಗಡ್ಡೆ ಬಳ್ಳೊಳ್ಳಿ ಎತ್ತಿಕೊಂಡು ಸುಲಿಯತೊಡಗಿದೆ. ವೈನಿ ಮುಂಬೈಗೆ ಫೋನ್ ಹಚ್ಚಿದರು.

ಅವರು ಹೋದರು. ಮಲಗಿದರು ಕೂಡ. ಅಕ್ಕಪಕ್ಕದವರು ಸಿನಿಮಾ ನೋಡುತ್ತಿದ್ದರೆ ಇವರ ಸ್ಕ್ರೀನಿನಲ್ಲಿ ದಾರಿಯುದ್ದಕ್ಕೂ ನಕಾಶೆ. ಎಚ್ಚರಾದಾಗೆಲ್ಲ ಒಂದು ಕಣ್ಣು ತೆರೆದು ಮೂತಿ ನೋಡುವುದು, ಮತ್ತೆ ಮಲಗುವುದು. ಒಮ್ಮೆ ಅದು ಕೆಳಗೆ ಹೊಳ್ಳಿತಂತೆ. ತಟ್ಟನೆ ಎದ್ದು ಕೂತು, ನೀರು ಕುಡಿದು, ನಾಲ್ಕು ಹೆಜ್ಜೆ ಅಡ್ಡಾಡಿದರಂತೆ. (ನಡುನಡುವೆ ಎದ್ದು ಓಡಾಡಿ, ನೀರು ಕುಡಿಯಿರಿ ಎಂಬುದೇ ಎಲ್ಲ ಟಿಪ್ಸಿನ ಸಾರ. ಅದನ್ನು ನಾನು ಹೇಳಿದಾಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.) ಇಳಿದ ಮೇಲೆ ಸೊಂಟ ಹೂವಿನಂತೆ ಹಗುರ ಇತ್ತಂತೆ.

ಪ್ರದರ್ಶನದ ವಿಡಿಯೋ ಮನೆಯ ವಾಟ್ಸಪ್ ಗುಂಪಿಗೆ ಬಂತು. ಹಸಿರು ಇಳಕಲ್ ಸೀರೆಯಲ್ಲಿ ವೈನಿ ಕೂತಿದ್ದಾರೆ. ಸುತ್ತ ಜನ ಬಗ್ಗಿ ನಿಂತಿದ್ದಾರೆ. ವೈನಿಯ ಕೈ ಎಳೆಗೆ ಎಳೆ ಸಿಕ್ಕಿಸುತ್ತ ಹೋಗುತ್ತಿದೆ, ಯಾವ ಗಡಿಬಿಡಿಯೂ ಇಲ್ಲ. ಕೊಂಡಿ ಮುಗಿದು ಕೆಂಪು ಸೆರಗು ಹಸಿರು ಒಡಲಿಗೆ ಕೂಡಿಕೊಂಡಾಗ ಚಪ್ಪಾಳೆ. ವೈನಿ ತಲೆ ಎತ್ತಿ ನಕ್ಕರು. ಅವರು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಅವ್ವ ಆ ವಿಡಿಯೋವನ್ನು ಎಷ್ಟು ಸಲ ಹಾಕಿಸಿಕೊಂಡಳು ಎಂದು ಕೇಳಬೇಡಿ.

ಈಗ ನನಗನ್ನಿಸುವುದು ಇಷ್ಟು. ಮನೆಯ ಹಿರಿಯರು ಏನಾದರೂ ಕೇಳಿದರೆ ಅದು ಬೇಡ ಎನ್ನುವ ಮಾತು ಎಂದೇ ನಾವು ತೀರ್ಮಾನಿಸಿಬಿಡುತ್ತೇವೆ. ನಗುತ್ತೇವೆ, ಇಲ್ಲವೇ ಸಿಟ್ಟಾಗುತ್ತೇವೆ, ಇಲ್ಲವೇ ವೈನಿಯಂತೆ ಸುಮ್ಮನೆ ಹಿಂದೆ ಸರಿಯುತ್ತೇವೆ. ಅವರು ಬರೀ ದಾರಿ ಕೇಳುತ್ತಿರಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಪ್ರಯಾಣಗಳು ಹೀಗೆ ಪಡಸಾಲೆಯಲ್ಲೇ ರದ್ದಾಗಿವೆಯೋ!

ಮೊನ್ನೆ ಇಳಕಲ್ಲಿಗೆ ಹೋಗಿದ್ದೆ. ಸಂಸ್ಥೆಯವರು ಮುಂದಿನ ಪ್ರದರ್ಶನಕ್ಕೆ ಇನ್ನೊಬ್ಬ ನೇಕಾರ ಹೆಣ್ಣುಮಗಳ ಹೆಸರು ಕೇಳಿದ್ದಾರೆ. ವೈನಿ ಎದುರುಮನೆಯ ಸೊಸೆಯ ಹೆಸರು ಹೇಳಿದ್ದಾರೆ. ಆಕೆಯ ಅತ್ತೆ ಬಂದು ಅವ್ವನ ಎದುರು ಕೂತಿದ್ದರು. ಚಳಿ ಹೇಗೋ, ಊಟ ಹೇಗೋ, ಜೊತೆಗೆ ಯಾರೋ, ಭಾಷೆ ಬಾರದಿದ್ದರೆ ಏನು ಗತಿಯೋ ಎಂದು ಒಂದೇ ಸಮ ಕೇಳುತ್ತಿದ್ದರು. ಅವ್ವ ಎಲ್ಲವನ್ನೂ ಸಾವಕಾಶವಾಗಿ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು:

“ಮೊದ್ಲ ಅಕಿ ಹೋಗ್ತೇನಿ ಅಂದಾಳೇನು? ಅಂದಿದ್ರ, ಉಳಿದದ್ದು ಕೇಳಿ ತಿಳಕೊಳ್ಳೂದಷ್ಟ ನೋಡವಾ.”