ಹಣೆಗಣ್ಣು ಮೇಷ್ಟ್ರ ಮಂತ್ರಿಮಂಡಲ

ಪೌರನೀತಿ ಮೇಷ್ಟ್ರ ಕನ್ನಡಕ ಮೂಗಿನ ಮೇಲೆ ಕೂತದ್ದನ್ನು ಆ ಶಾಲೆಯಲ್ಲಿ ಕಂಡವರಿಲ್ಲ. ಅದರ ಸಿಂಹಾಸನ ಹಣೆ. ಅಲ್ಲಿಂದಲೇ ಅದು ಕಾಪಿ ಹೊಡೆಯುವವರನ್ನು ಹಿಡಿಯುತ್ತದೆ, ಸರ್ಕಾರಗಳ ಹೊಟ್ಟೆಯೊಳಗಿನದನ್ನೂ ಓದುತ್ತದೆ ಎಂಬುದು ವಿದ್ಯಾರ್ಥಿಗಳ ಗಾಢ ನಂಬಿಕೆ. ಹಾಗಾಗಿ ಅವರು ಹಣೆಗಣ್ಣು ಮೇಷ್ಟ್ರು.

ವಲಸೆ ಬಂದವರನ್ನು ಇರಿಸಿಕೊಳ್ಳಬೇಕೋ ಬೇಡವೋ ಎಂದು ಸರ್ಕಾರ ಹೇಗೆ ತೀರ್ಮಾನಿಸುತ್ತದೆ ಎಂಬ ಪಾಠಕ್ಕೆ ಅವರು ಪುಸ್ತಕವನ್ನೇ ತೆರೆಯುತ್ತಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಪಾತ್ರದ ಹೆಸರು ಬರೆದ ಬಿಲ್ಲೆ ಕೊಟ್ಟು ತರಗತಿಯನ್ನೇ ಸರ್ಕಾರ ಮಾಡಿಬಿಡುತ್ತಿದ್ದರು. ಈ ಸಲ ಹೆಡ್‌ಮಿಸ್ ಮೊದಲೇ ಎಚ್ಚರಿಸಿದ್ದರು.

"ಮೇಷ್ಟ್ರೇ, ಆ ಹೊಸ ಹುಡುಗಿ ಮನೆಯವರು ಇಲ್ಲಿ ಉಳಿಯೋಕೆ ಹಾಕಿದ ಅರ್ಜಿ ಇನ್ನೂ ತೀರ್ಮಾನ ಆಗಿಲ್ಲ. ಇಲ್ಲೇ ಇರ್ತಾರೋ, ಗಂಟುಮೂಟೆ ಕಟ್ತಾರೋ. ಮಗೂನ ನೋಯಿಸ್ಬೇಡಿ."

"ಅವಳಿಗೆ ಗುಮಾಸ್ತೆ ಬಿಲ್ಲೆ ಕೊಡ್ತೀನಿ ಮೇಡಂ. ಬರ್ಕೊಂಡು ಕೂತಿರ್ತಾಳೆ."

ಆದರೂ ಜೀವ ತಡೆಯದೆ ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಮೇಷ್ಟ್ರು ಬಿಲ್ಲೆ ಹಂಚಿದರು. ಹೊಸ ಹುಡುಗಿ ತನ್ನದನ್ನು ಎದೆಗೆ ಸಿಕ್ಕಿಸಿಕೊಂಡು ತಿರುಗಿದಳು. ಅದರ ಮೇಲೆ 'ಮಂತ್ರಿ' ಎಂದಿತ್ತು. ಹೆಡ್‌ಮಿಸ್ ಅರ್ಧ ಎದ್ದು ಮತ್ತೆ ಕೂತರು. ಈಗ ತಡೆದರೆ ಎಲ್ಲರ ಕಣ್ಣೂ ಆ ಮಗುವಿನ ಮೇಲೆ. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿಯೇ ಹೋಯಿತು.

"ನನ್ನ ಕಾರ್ಖಾನೆಗೆ ಆಳು ಬೇಕು, ಇರ್ಲಿ!" ಎಂದ ಮಾಲೀಕ.

"ಕಮ್ಮಿ ಕೂಲಿಗೆ ಸಿಗ್ತಾರೆ ಅಂತ ತಾನೇ? ನಮ್ಮ ಹೊಟ್ಟೆ ಮೇಲೆ ಹೊಡೀತೀಯಾ?" ಎಂದಳು ಕಾರ್ಮಿಕ ಸಂಘದವಳು.

"ನರ್ಸುಗಳಿಲ್ದೆ ಆಸ್ಪತ್ರೆ ಮುಚ್ಲಾ?" ಎಂದ ಡಾಕ್ಟರು.

ವಸತಿ ಅಧಿಕಾರಿಯಾಗಿದ್ದ ದಢೂತಿ ಹುಡುಗ ಮೇಜು ಗುದ್ದಿದ. "ಮನೆ ಎಲ್ಲಿದೆಯಪ್ಪಾ? ನಿನ್ನ ತಲೆ ಮೇಲೆ ಕಟ್ಲಾ? ಇನ್ನೂ ನಾಲ್ಕು ವರ್ಷ ಕಾಯ್ಲಿ ಬಿಡು, ಅವರ ಗಂಟೇನು ಹೋಗುತ್ತೆ!"

ಕೈ ಎತ್ತಿಸಿದರೆ ಸಮಸಮ. ಎಲ್ಲರೂ ಮಂತ್ರಿಯತ್ತ ತಿರುಗಿದರು. ಹೆಡ್‌ಮಿಸ್ ಮೇಷ್ಟ್ರನ್ನು ನೋಡಿದರು. ಅವರು ಬೋರ್ಡಿನ ಪಕ್ಕ ಬಂಡೆಯಂತೆ ನಿಂತಿದ್ದರು.  ಹುಡುಗಿ ಒಂದು ಖಾಲಿ ಕುರ್ಚಿ ಎಳೆದು ನಡುವೆ ಇಟ್ಟಳು.

"ಅರ್ಜಿ ಹಾಕಿದವರನ್ನ ಯಾರೂ ಕರೀಲೇ ಇಲ್ಲ. ವಸತಿ ಅಧಿಕಾರಿಗಳೇ, ನೀವೇ ಕೂತ್ಕೊಳ್ಳಿ."

ದಢೂತಿ ನಗುತ್ತ ಕೂತ. ಅವಳು ಅವನನ್ನೇ ನೋಡುತ್ತ ನಿಂತಳು. ಮಾತಿಲ್ಲ. ಫ್ಯಾನಿನ ಕಿರಕಿರ ಮಾತ್ರ. ಅವನ ನಗು ಇಳಿಯಿತು, ಬೆವರು ಒಡೆಯಿತು.

"ಏನಾದ್ರೂ ಹೇಳೇ ಮಾರಾಯ್ತಿ!"

"ಇನ್ನೂ ಅರ್ಧ ನಿಮಿಷ ಆಗಿಲ್ಲ," ಎಂದಳು. ಆಮೇಲೆ ಗುಮಾಸ್ತೆ ಬಿಲ್ಲೆ ಸಿಕ್ಕಿದ್ದ ಹುಡುಗಿಯತ್ತ ತಿರುಗಿದಳು. "ಬರ್ಕೊಳ್ಳೇ. ಹೌದು ಅನ್ನಿ, ಇಲ್ಲ ಅನ್ನಿ, ವರ್ಷದೊಳಗೆ ಹೇಳ್ಬೇಕು. ಸುಮ್ಮನೆ ಕಾಯಿಸೋ ಹಾಗಿಲ್ಲ. ಮಂತ್ರಿ ಆಜ್ಞೆ."

ಮೊದಲು ಚಪ್ಪಾಳೆ ತಟ್ಟಿದವನು ದಢೂತಿ.

ಹೆಡ್‌ಮಿಸ್ ಕಣ್ಣೊರೆಸಿಕೊಂಡು ಮೇಷ್ಟ್ರನ್ನು ಬಾಗಿಲಲ್ಲೇ ಹಿಡಿದರು. "ನನ್ನ ಮಾತು ಮೀರಿದ್ರಿ. ಆದ್ರೂ ಅವಳ ಕೈಗೇ ಅಧಿಕಾರ ಕೊಟ್ರಲ್ಲ, ಎಂಥ ಗುಂಡಿಗೆ ರೀ ನಿಮ್ದು!"

"ಗುಂಡಿಗೆ ಎಲ್ಲಿಂದ ಬರ್ಬೇಕು ಮೇಡಂ? ಕನ್ನಡಕ ಹಣೆ ಮೇಲಿತ್ತು. ಬಿಲ್ಲೆ ಅದಲುಬದಲಾಯ್ತು."