ಲಿಫ್ಟಿನ ಅತಿಥಿಗಳು, ಮೆಟ್ಟಿಲಿನ ಸಿಸ್ಟರ್‌ಗಳು

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ವರ್ಷ. ನಾನಾಗ ಹಲಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಅಂದರೆ ಅಲ್ಲಿನ ಎಲ್ಲ ಸಿಸ್ಟರ್‌ಗಳ ಕೆಲಸಕ್ಕೆ ಹೊಣೆ ನನ್ನದು, ಯಾರು ಯಾವ ವಾರ್ಡಿನಲ್ಲಿರಬೇಕೆಂದು ಹೇಳುವವಳೂ ನಾನೇ. ಹೆಸರಿಗಂತೂ ಹಾಗಿತ್ತು. ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಅವರಿಗೆ ನಾಚಿಕೆಯಾದೀತೆಂದಲ್ಲ, ನಾಚಿಕೆ ಅವರ ಹತ್ತಿರವೂ ಸುಳಿಯುವುದಿಲ್ಲ. ಅಲ್ಲಿ ಇವತ್ತಿಗೂ ದುಡಿಯುತ್ತಿರುವ ಹುಡುಗಿಯರಿಗೆ ತೊಂದರೆಯಾಗಬಾರದು, ಅಷ್ಟೇ.

ಆ ವರ್ಷ ಆಸ್ಪತ್ರೆಗೆ ಗುಣಮಟ್ಟದ ಮಾನ್ಯತೆ ಬೇಕಿತ್ತು. ಅದಕ್ಕಾಗಿ ಹೊರಗಿನಿಂದ ಒಂದು ತಂಡ ಬಂದು, ಪ್ರತಿ ವಾರ್ಡಿನಲ್ಲೂ ರೋಗಿಗಳಿಗೆ ತಕ್ಕಷ್ಟು ನರ್ಸ್‌ಗಳಿದ್ದಾರೆಯೇ ಎಂದು ನೋಡುತ್ತದೆ. ನಮ್ಮಲ್ಲಿ ಇರಲಿಲ್ಲ. ಬಿಟ್ಟುಹೋದವರ ಜಾಗ ತುಂಬಿಕೊಡಿ ಎಂದು ಕೇಳಿ ಕೇಳಿ ನನ್ನ ಗಂಟಲು ಒಣಗಿತ್ತು. ಆಡಳಿತ ನೋಡಿಕೊಳ್ಳುತ್ತಿದ್ದ ಆಪರೇಷನ್ಸ್ ಹೆಡ್ ಬೇರೆಯೇ ದಾರಿ ಹುಡುಕಿದ್ದರು. ತಂಡದವರು ಒಂದು ಮಹಡಿ ನೋಡಿ ಲಿಫ್ಟ್ ಹತ್ತುವಷ್ಟರಲ್ಲಿ, ಬೇರೆ ವಾರ್ಡಿನ ಸಿಸ್ಟರ್‌ಗಳು ಹಿಂಬದಿಯ ಮೆಟ್ಟಿಲಲ್ಲಿ ಓಡಿಹೋಗಿ ಮುಂದಿನ ಮಹಡಿಯಲ್ಲಿ ನಿಂತಿರಬೇಕು. ಒಳಗೆ ಹುಳುಕು, ಹೊರಗೆ ಥಳಕು ಎನ್ನುವುದು ಇದಕ್ಕೇ.

ತಂಡ ಬರುವ ಹಿಂದಿನ ದಿನದ ಮೀಟಿಂಗಿನಲ್ಲಿ ಅವರು ಇದನ್ನು ಬಹಳ ಜಾಣ ಕೆಲಸವೆಂಬಂತೆ ವಿವರಿಸಿದರು.

"ಎಲ್ಲರ ಮುಖಕ್ಕೂ ಮಾಸ್ಕ್ ಇರುತ್ತೆ ಮೇಡಂ. ಯಾರಿಗ್ ಗೊತ್ತಾಗುತ್ತೆ?"

"ಅಷ್ಟ್ ಹೊತ್ತು ಆ ವಾರ್ಡಿನ ಪೇಶೆಂಟ್‌ಗಳ ಗತಿ ಏನ್ರೀ?"

"ಜಸ್ಟ್ ಟೆನ್ ಮಿನಿಟ್ಸ್. ಆಯಾ ಇರ್ತಾರಲ್ಲ."

ನನ್ನ ಸಿಸ್ಟರ್‌ಗಳನ್ನು ಕಳಿಸುವುದಿಲ್ಲ ಎಂದೆ. ಅವರು ನಕ್ಕು "ಓಕೆ ಮೇಡಂ" ಎಂದರು. ಆ ನಗುವಿನ ಅರ್ಥ ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಮೂರನೇ ಮಹಡಿಯಲ್ಲಿ. ತಂಡದವರೊಂದಿಗೆ ಲಿಫ್ಟಿನಿಂದ ಇಳಿದರೆ, ಎರಡನೇ ಮಹಡಿಯ ಪೋಸ್ಟ್ ಆಪರೇಟಿವ್ ವಾರ್ಡಿನಲ್ಲಿರಬೇಕಾದ ಸಿಸ್ಟರ್ ಅಲ್ಲಿ ನಿಂತಿದ್ದಾಳೆ. ಅವಳ ಮಾಸ್ಕ್ ಏದುಸಿರಿಗೆ ಒಳಗೆ ಹೊರಗೆ ಆಡುತ್ತಿತ್ತು. ಪಕ್ಕಕ್ಕೆ ಕರೆದು ಕೇಳಿದೆ.

"ಹೆಡ್ ಸರ್ ಫೋನ್ ಮಾಡಿದ್ರು ಮೇಡಂ. ನೀವೇ ಹೇಳಿದ್ದು ಅಂದ್ರು. ನಮ್ಮಿಬ್ಬರನ್ನೂ ಬರೋಕ್ ಹೇಳಿದ್ರು, ಶಿಲ್ಪಾ ಬರಲ್ಲ ಅಂದ್ಳು."

ನನ್ನ ಮೈ ಉರಿದುಹೋಯಿತು. ಆಪರೇಷನ್ ಮುಗಿಸಿಕೊಂಡು ಬಂದವರನ್ನು ಕಣ್ಣಿಟ್ಟು ಕಾಯುವ ವಾರ್ಡ್ ಅದು. ಅದನ್ನು ಖಾಲಿ ಮಾಡಿಸಲು ಹೊರಟಿದ್ದಲ್ಲದೆ, ನನ್ನ ಹೆಸರನ್ನು ಬೇರೆ ಬಳಸಿದ್ದರು. ತಂಡದವರನ್ನು ಅಲ್ಲೇ ಬಿಟ್ಟು ಕೆಳಗೆ ಓಡಿದೆ.

ಶಿಲ್ಪಾ ಗದಗಿನ ಕಡೆಯ ಹುಡುಗಿ. ಮಾತು ಕಡಿಮೆ. ಅವಳು ನೋಡಿಕೊಳ್ಳುತ್ತಿದ್ದವರಲ್ಲಿ ಪುಲಿಕೇಶಿನಗರದ ಶಾಲಾ ಟೀಚರ್ ನಸೀಮಾ ಒಬ್ಬರು. ಹಿಂದಿನ ಸಂಜೆ ಅವರಿಗೆ ಥೈರಾಯ್ಡ್ ಆಪರೇಷನ್ ಆಗಿತ್ತು. ಆ ಆಪರೇಷನ್ ಆದವರಲ್ಲಿ ಒಮ್ಮೊಮ್ಮೆ ಕುತ್ತಿಗೆಯ ಒಳಗೇ ರಕ್ತ ಸೋರಿ ಗಟ್ಟಿಯಾಗಿ ಉಸಿರಿನ ದಾರಿಯನ್ನು ಒತ್ತುತ್ತದೆ. ಹೊರಗಿನ ಬ್ಯಾಂಡೇಜ್ ಒಣಗಿಯೇ ಇರುತ್ತದೆ. ಹತ್ತಿರ ನಿಂತು ಮಾತಾಡಿಸಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ನಾನು ಹೋಗುವಷ್ಟರಲ್ಲಿ ಸರ್ಜನ್ ಮಂಚದ ಪಕ್ಕದಲ್ಲೇ ಹೊಲಿಗೆ ಬಿಚ್ಚಿ, ಹೆಪ್ಪುಗಟ್ಟಿದ ರಕ್ತ ತೆಗೆದಿದ್ದರು. ನಸೀಮಾ ಉಸಿರಾಡುತ್ತಿದ್ದರು. ಅವರನ್ನು ಮತ್ತೆ ಥಿಯೇಟರಿಗೆ ಒಯ್ಯುವಾಗ ಸರ್ಜನ್ ನನ್ನತ್ತ ತಿರುಗಿ, "ಈ ಸಿಸ್ಟರ್ ಫೋನ್ ಸ್ವಲ್ಪ ಲೇಟಾಗಿದ್ರೂ ನಾನು ಬಂದು ಪ್ರಯೋಜನ ಇರ್ತಿರ್ಲಿಲ್ಲ" ಎಂದು ಹೇಳಿ ಹೋದರು.

ಏನಾಯಿತೆಂದು ಶಿಲ್ಪಾಳನ್ನು ಕೇಳಿದೆ.

"ಟೀಚರ್ ದನಿ ಬದಲಾಗಿತ್ರಿ. ಮಲಗಾಕ ಆಗವಲ್ದು ಅಂತ ಎದ್ದು ಕುಂತ್ರು. ಅಷ್ಟರಾಗ ಸರ್ ಫೋನ್ ಬಂತು, ನಾ ಬರಾಂಗಿಲ್ರಿ ಅಂದೆ. ಕೆಲಸ ಬೇಕೋ ಬ್ಯಾಡೋ ಅಂದ್ರು. ಫೋನ್ ಇಟ್ಟು ಡಾಕ್ಟರಿಗೆ ಹಚ್ಚಿದ್ನಿ." ಆಮೇಲೆ ಅವಳೇ ಕೇಳಿದಳು, "ನೀವ ಹೇಳಿದ್ರಂತಲ್ರಿ, ಖರೇ ಏನ್ರಿ?"

ಅಲ್ಲವೆಂದೆ. ಆದರೆ ಅವಳು ಫೋನ್ ಇಟ್ಟಾಗ, ನನ್ನ ಮಾತನ್ನೇ ಮೀರುತ್ತಿದ್ದೇನೆ ಎಂದುಕೊಂಡೇ ಇಟ್ಟಿದ್ದಳು. ಬಾಗಿಲ ಬಳಿ ನಿಂತಿದ್ದ ನಸೀಮಾರ ಅಕ್ಕನಿಗೂ ಫೋನಿನ ಕೂಗಾಟ ಕೇಳಿಸಿತ್ತು. ಅವರು ನನ್ನ ಕೈ ಹಿಡಿದು, "ಉಸ್ ಬಚ್ಚೀಕು ಕುಛ್ ನಕ್ಕೊ ಬೋಲೊ ಮೇಡಂ, ಆ ಹುಡುಗಿಗೆ ಏನೂ ಅನ್ಬೇಡಿ" ಎಂದು ಅತ್ತರು. ತಂಗಿ ಥಿಯೇಟರಿನಲ್ಲಿರುವಾಗ ಆ ಅಕ್ಕ ನರ್ಸ್ ಒಬ್ಬಳ ಕೆಲಸ ಉಳಿಸಲು ಅಂಗಲಾಚಬೇಕಾಗಿತ್ತು.

ಮಧ್ಯಾಹ್ನ ಹೆಡ್ ನನ್ನ ಕೋಣೆಗೆ ಬಂದರು. ಕೈಯಲ್ಲಿ ಶಿಲ್ಪಾಳ ಹೆಸರಿನ ಮೆಮೊ. ಆಜ್ಞೆ ಮೀರಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂಬ ಪ್ರಶ್ನೆ, ಕೆಳಗೆ ನನ್ನ ಸಹಿಗೆ ಜಾಗ.

"ಅವಳು ಹೋಗಿದ್ರೆ ಆ ಟೀಚರ್ ಇವತ್ತು ಹೆಣ ಆಗ್ತಿದ್ರು, ಗೊತ್ತೇನ್ರೀ ನಿಮಗೆ?"

"ಪೇಶೆಂಟ್ ಉಳ್ಕೊಂಡ್ರಲ್ಲ ಮೇಡಂ. ಅದು ಬೇರೆ, ಇದು ಬೇರೆ. ಡಿಸಿಪ್ಲಿನ್ ಅಂತ ಒಂದಿದೆ."

ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೆ ಬೈಗುಳ ಹೊಸದಲ್ಲ. ಕುಡಿದು ಬಂದವರು ಬೈದಿದ್ದಾರೆ, ಡಾಕ್ಟರುಗಳು ಟ್ರೇ ಎಸೆದಿದ್ದಾರೆ. ಯಾವುದೂ ನನ್ನನ್ನು ಈ ಮೆದು ಮಾತಿನಷ್ಟು ಕೆರಳಿಸಿರಲಿಲ್ಲ. ಮೆಮೊ ಹರಿದು ಬುಟ್ಟಿಗೆ ಹಾಕಿದೆ. ಅವರು ಇನ್ನೊಂದು ಪ್ರತಿ ತೆಗೆಸಿ ಬೇರೆಯವರಿಂದ ಸಹಿ ಹಾಕಿಸುತ್ತಾರೆಂದು ನನಗೆ ಗೊತ್ತಿತ್ತು.

ಸಂಜೆ ತಂಡದವರ ಕೊನೆಯ ಸಭೆ. ಹೂಗುಚ್ಛ, ಗೋಡಂಬಿ, ಎಲ್ಲ ಇತ್ತು. ನರ್ಸಿಂಗ್ ವಿಭಾಗದಿಂದ ಏನಾದರೂ ಹೇಳುವುದಿದೆಯೇ ಎಂದು ತಂಡದ ಹಿರಿಯರು ವಾಡಿಕೆಯಂತೆ ಕೇಳಿದರು. ಇದೆ ಎಂದು ಎದ್ದು ನಿಂತೆ. ಮೂರನೇ ಮಹಡಿಯಲ್ಲಿ ನೀವು ಕಂಡ ಸಿಸ್ಟರ್ ಎರಡನೆಯ ಮಹಡಿಯವಳು, ಮೆಟ್ಟಿಲಲ್ಲಿ ಓಡಿ ಬಂದವಳು ಎಂದೆ. ಓಡಿ ಬರಲು ಒಪ್ಪದವಳು ಒಂದು ಜೀವ ಉಳಿಸಿದಳು, ಈಗ ಅವಳನ್ನೇ ತೆಗೆಯಲು ಹೊರಟಿದ್ದಾರೆ ಎಂದೂ ಹೇಳಿದೆ. ಆ ಹಿರಿಯರು ಶಿಲ್ಪಾಳನ್ನು ಕರೆಸಿ ಎಲ್ಲ ಕೇಳಿಕೊಂಡರು.

ಆ ಸಲ ಮಾನ್ಯತೆ ಸಿಗಲಿಲ್ಲ. ಶಿಲ್ಪಾಳಿಗೆ ಮೆಮೊ ಕೊಡುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ಖಾಲಿ ಜಾಗಗಳು ಕೆಲವೇ ತಿಂಗಳಲ್ಲಿ ಭರ್ತಿಯಾದವು. ನಿವೃತ್ತಿಯ ಮೇಲೆ ನನಗೆ ಕೊಡುತ್ತೇವೆಂದಿದ್ದ ಸೇವಾ ವಿಸ್ತರಣೆ ಮಾತ್ರ ಯಾರಿಗೂ ನೆನಪಾಗಲಿಲ್ಲ. ಹೆಡ್ ಮಾರತ್ತಹಳ್ಳಿ ಕಡೆ ಇನ್ನೂ ದೊಡ್ಡ ಆಸ್ಪತ್ರೆಗೆ, ಇನ್ನೂ ದೊಡ್ಡ ಹುದ್ದೆಗೆ ಹೋದರು. ನಾಯಕತ್ವದ ಬಗ್ಗೆ ಭಾಷಣವನ್ನೂ ಮಾಡುತ್ತಾರಂತೆ. ಕೇಳಿದಾಗಲೆಲ್ಲ ಹಲ್ಲು ಕಡಿಯುತ್ತೇನೆ.

ಹೇಳಿದಂತೆ ಕೇಳುವವಳೇ ಒಳ್ಳೆಯ ನರ್ಸ್ ಎಂದು ನನಗೆ ಕಲಿಸಿದ್ದರು, ನಾನೂ ಎಷ್ಟೋ ಬ್ಯಾಚಿಗೆ ಕಲಿಸಿದೆ. ಆದರೆ ಆಜ್ಞೆಯನ್ನು ಯಾವಾಗ ಮೀರಬೇಕೆಂದು ತಿಳಿದವಳು ಬೇಕು, ಹಾಗೆ ಮೀರಿದವಳ ಹಿಂದೆ ನಿಲ್ಲುವವಳೂ ಬೇಕು. ಶಿಲ್ಪಾ ಈಗ ಅದೇ ವಾರ್ಡಿನ ಇನ್‌ಚಾರ್ಜ್. ಮೊನ್ನೆ ಮನೆಗೆ ಬಂದಾಗ ರೇಗಿಸಿದೆ. "ಹೊಸ ಹುಡುಗೀರು ನಿನ್ನ ಮಾತು ಕೇಳದಿದ್ರೆ ಏನ್ ಮಾಡ್ತೀಯಮ್ಮಾ?"

"ಬೈತೇನ್ರಿ ಮೇಡಂ," ಎಂದಳು. "ಆದ್ರ ಮೊದ್ಲ ಅಕಿ ಪೇಶೆಂಟ್ ಹೆಂಗದಾರ ಅಂತ ನೋಡಿ ಬಂದು, ಆಮ್ಯಾಲ ಬೈತೇನಿ."